ಕೆಂಚು ಕೂದಲಿನ ಕೆಳಗೆ

ಊರಿನಿಂದ ಹೊಸದಾಗಿ ಬಂದ ಬ್ಯೂಟಿಷಿಯನ್ ಹುಡುಗಿಯರಿಗೆ ಯಾರಾದರೊಬ್ಬರು ನನ್ನ ನಂಬರು ಕೊಟ್ಟೇ ಕೊಡುತ್ತಾರೆ. ಅವರು ದುಬೈಯ ಮಿರ್ದಿಫಿನಲ್ಲಿರುವ ನನ್ನ ಮಗಳ ಮನೆಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ತಲೆಯ ಮೇಲೆ ವಿಮಾನ ದಾಟುವಷ್ಟು ಹೊತ್ತು ಮಾತು ನಿಲ್ಲಿಸಿ ಮತ್ತೆ "ವಾರಿಜಕ್ಕ, ಏನಾದ್ರೂ ಟಿಪ್ಸ್ ಕೊಡಿ" ಎನ್ನುತ್ತಾರೆ. ಯಾವ ಫೌಂಡೇಶನ್ ಒಳ್ಳೆಯದು, ಯಾವ ಬ್ರಷ್ ಬಾಳಿಕೆ ಬರುತ್ತದೆ ಎಂಬುದನ್ನು ಈಗ ಫೋನೇ ಹೇಳುತ್ತದೆ. ಫೋನು ಹೇಳದ್ದನ್ನು ಬರೆಯೋಣವೆಂದು ಕುಳಿತಿದ್ದೇನೆ. ಓದಿ ಖುಷಿಪಡುವಂಥದ್ದು ಇದರಲ್ಲಿ ಹೆಚ್ಚಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಾನು ಅಬುಧಾಬಿಯ ಖಾಲಿದಿಯಾದಲ್ಲಿ ಒಂದೇ ಸಲೂನಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮುಲ್ಕಿಯಲ್ಲಿ ಮದುವೆ ಹೆಣ್ಣುಗಳಿಗೆ ಶೃಂಗಾರ ಮಾಡಿ ಕೈ ಪಳಗಿತ್ತು. ಗಂಡ ತೀರಿಕೊಂಡ ಮೇಲೆ ಮಗಳನ್ನು ನನ್ನ ಅಮ್ಮನ ಹತ್ತಿರ ಬಿಟ್ಟು ಬಂದೆ. ಬಂದ ಹೊಸದರಲ್ಲಿ ನನಗೆ ಗೊತ್ತಿದ್ದದ್ದು ನಮ್ಮ ಬಣ್ಣದ ಚರ್ಮ, ನಮ್ಮ ಬಣ್ಣದ ಕೂದಲು. ಕೆಂಪು ಕೂದಲಿನವರನ್ನು ನಾನು ನೋಡಿದ್ದೇ ಇಲ್ಲಿ. ನಮ್ಮಲ್ಲಿ ಯಾವ ಮಗುವಿನ ಕೂದಲಾದರೂ ಕೆಂಚಗೆ ಕಂಡರೆ ಎಣ್ಣೆ ಹಚ್ಚಿಲ್ಲ, ಹೊಟ್ಟೆಗೆ ಸರಿಯಾಗಿ ಬೀಳುತ್ತಿಲ್ಲ ಎಂದೇ ಲೆಕ್ಕ. ಹುಟ್ಟಿನಿಂದಲೇ ತಲೆ ತುಂಬ ತಾಮ್ರದ ಬಣ್ಣ ಹೊತ್ತು, ಊಟ ಚೆನ್ನಾಗಿಯೇ ಸಿಕ್ಕ ಹೆಂಗಸರು ಕುರ್ಚಿಯಲ್ಲಿ ಬಂದು ಕುಳಿತಾಗ ನನಗೆ ಅವರ ಮೇಲೆ ಕನಿಕರ ಬಂದದ್ದುಂಟು. ಅದೇ ನನ್ನನ್ನು ಹಾಳು ಮಾಡಿತು.

ಮೊದಲ ಕೆಂಚು ಕೂದಲಿನವಳು ವಿಮಾನದಲ್ಲಿ ಕೆಲಸ ಮಾಡುವ ಸ್ಕಾಟ್ಲೆಂಡಿನ ಹುಡುಗಿ. ಹುಬ್ಬು ಇದೆಯೋ ಇಲ್ಲವೋ ಎಂಬಷ್ಟು ಬಿಳಿ, ರೆಪ್ಪೆಯೂ ಹಾಗೆಯೇ. "ಸ್ವಲ್ಪ ಕಾಣುವ ಹಾಗೆ ಮಾಡು" ಎಂದಳು. ಕಣ್ಣು ಹುಬ್ಬು ಕಪ್ಪಾಗಿದ್ದರೇ ಹೆಣ್ಣಿಗೆ ಲಕ್ಷಣ ಎಂದು ನಂಬಿಕೊಂಡು ಬಂದವಳು ನಾನು. ಒಳ್ಳೆಯ ಕಡುಗಪ್ಪು ಬಣ್ಣ ಕಲಸಿ ಹುಬ್ಬಿಗೂ ರೆಪ್ಪೆಗೂ ಧಾರಾಳವಾಗಿ ಹಚ್ಚಿದೆ. ಒರೆಸಿ ನೋಡಿದರೆ ಆ ಹಾಲುಬಣ್ಣದ ಮುಖದ ಮೇಲೆ ಎರಡು ಕಂಬಳಿಹುಳ ಕೂತಿದ್ದವು. ಹುಡುಗಿ ಕನ್ನಡಿ ನೋಡಿದಳು, ನನ್ನನ್ನು ನೋಡಿದಳು, ಅಳಲು ಶುರುಮಾಡಿದಳು. ಮರುದಿನ ಅವಳಿಗೆ ಫ್ಲೈಟ್ ಡ್ಯೂಟಿ ಇತ್ತು. ಎಣ್ಣೆ, ಕ್ರೀಮು, ಹತ್ತಿ ಎಂದು ಎಷ್ಟು ಉಜ್ಜಿದರೂ ಕಪ್ಪು ನೀಲಿಗೆ ತಿರುಗಿತೇ ಹೊರತು ಹೋಗಲಿಲ್ಲ. ಚರ್ಮ ಮಾತ್ರ ಕೆಂಪಗೆ ಊದಿಕೊಂಡಿತು.

ಕೆಲಸ ಹೋಯಿತು, ಊರಿಗೆ ನನ್ನ ಟಿಕೇಟು ಹರಿಯಿತು ಎಂದುಕೊಂಡೆ. ಸಲೂನ್ ನಡೆಸುತ್ತಿದ್ದವರು ಬೈರೂತಿನಿಂದ ಬಂದ ಮದಾಂ ರೀಮಾ. ಅವರು ಬಂದು ಹುಡುಗಿಯ ಗಲ್ಲ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಅವಳ ಕಿವಿಯ ಕೆಳಗೆ ಬೆರಳಿಟ್ಟು ಒಮ್ಮೆ "ಮ್" ಎಂದರು. ಹುಡುಗಿ ಅಳು ನಿಲ್ಲಿಸಿ "ಏನು?" ಎಂದಳು. "ಹುಬ್ಬು ನಾಲ್ಕು ದಿನದಲ್ಲಿ ಸರಿಯಾಗುತ್ತೆ ಹಬೀಬ್ತಿ. ನಾನು ಅದನ್ನಲ್ಲ ನೋಡಿದ್ದು. ಹೆದರುವಂಥದ್ದೇನಲ್ಲ, ಆದರೆ ಹೀಗೇ ಬಿಡಬಾರದು" ಎಂದರು. ಹುಬ್ಬಿನ ವಿಷಯ ಅಲ್ಲಿಗೇ ಮರೆತುಹೋಯಿತು. ಹೋಗುವಾಗ ಆ ಹುಡುಗಿ ಇಡೀ ತಿಂಗಳ ಫೇಶಿಯಲ್ ಬುಕ್ ಮಾಡಿಕೊಂಡು, ರೀಮಾರ ಕೆನ್ನೆಗೆ ಮುತ್ತಿಟ್ಟು ಹೋದಳು. ಅವಳ ಕಿವಿಯ ಕೆಳಗೆ ಏನೂ ಇರಲಿಲ್ಲ. ನನಗೆ ಆ ದಿನ ರೀಮಾರ ಬಗ್ಗೆ ಹುಟ್ಟಿದ್ದು ಭಕ್ತಿ, ಬೇರೆ ಮಾತಿಲ್ಲ.

ಅದಕ್ಕೆ ನಮ್ಮಲ್ಲಿ 'ಬೆರಳು ನಿಲ್ಲಿಸುವುದು' ಎನ್ನುತ್ತಿದ್ದೆವು. ಗ್ರಾಹಕಿಯ ಮುಖ ತೊಳೆಯುವಾಗ ಬೆರಳು ಸರಾಗ ಓಡುತ್ತಿರಬೇಕು, ಒಂದು ಕಡೆ ಗಕ್ಕನೆ ನಿಲ್ಲಬೇಕು. ನಾವಾಗಿ ಏನೂ ಹೇಳಬಾರದು. ಅವಳೇ ಕೇಳುವವರೆಗೆ ಕಾಯಬೇಕು. ಕೇಳಿದ ಮೇಲೆ ಹೇಳುವ ಮಾತು ಒಂದೇ: ಹೆದರುವಂಥದ್ದೇನಲ್ಲ, ಆದರೆ ಹೀಗೇ ಬಿಡಬಾರದು. ಈ ಮಾತನ್ನು ಇಡೀ ಸಲೂನಿನಲ್ಲಿ ನನ್ನಷ್ಟು ಚೆನ್ನಾಗಿ ಹೇಳುವವರು ಇರಲಿಲ್ಲ. ನನ್ನದು ತಾಯಿಯ ದನಿ ಎನ್ನುತ್ತಿದ್ದರು. ಇದೆಲ್ಲ ಮೋಸ ಎಂದು ನಮಗೆ ಅನಿಸುತ್ತಲೇ ಇರಲಿಲ್ಲ, ಕೆಲಸದ ಒಂದು ಭಾಗ ಅಷ್ಟೇ. ಇಂದು ಬರುವ ಹುಡುಗಿಯರು ಟ್ಯಾಬ್ಲೆಟ್ ತೋರಿಸಿ, "ಅಕ್ಕ, ಈಗ ಕ್ಯಾಮರಾವೇ ಸ್ಕಿನ್ ಅನಾಲಿಸಿಸ್ ಮಾಡ್ತದೆ" ಎಂದು ಹೆಮ್ಮೆಪಡುತ್ತಾರೆ. ಆ ಕ್ಯಾಮರಾ ಯಾರ ಮುಖ ತೋರಿಸಿದರೂ ಏನಾದರೂ ಒಂದು ಕೆಂಪು ಚುಕ್ಕೆ ಹಾಕಿಕೊಡುತ್ತದೆ. ಬೆರಳು ಹೋಗಿ ಯಂತ್ರ ಬಂತು, ಅಷ್ಟೇ ವ್ಯತ್ಯಾಸ.

ಕೆಂಚು ಕೂದಲಿನವರ ಕೆಲಸವನ್ನು ಆಮೇಲೆ ನಾನು ಹಟ ತೊಟ್ಟು ಕಲಿತೆ. ಅವರ ಚರ್ಮ ತೆಳು. ದಾರದಲ್ಲಿ ಹುಬ್ಬು ತೀಡಿದರೆ ನಮ್ಮವರಿಗೆ ಹತ್ತು ನಿಮಿಷ ಇರುವ ಕೆಂಪು ಅವರಿಗೆ ಸಂಜೆಯವರೆಗೆ ಇರುತ್ತದೆ. ಮಸ್ಕಾರ ಕಂದು ಬಣ್ಣದ್ದೇ ಇರಬೇಕು, ಕಪ್ಪು ಬೇಡ. ಕೆನ್ನೆಗೆ ಗುಲಾಬಿ ಹಚ್ಚಿದರೆ ಜ್ವರ ಬಂದವರಂತೆ ಕಾಣುತ್ತಾರೆ, ಹಣ್ಣಾದ ಪಪ್ಪಾಯಿಯ ಬಣ್ಣ ಹೊಂದುತ್ತದೆ. ಕೆಂಪು ಮರೆಸಬೇಕಾದರೆ ಮೊದಲು ತೆಳ್ಳಗೆ ಹಸಿರು ಕ್ರೀಮು, ಅದರ ಮೇಲೆ ಚರ್ಮದ ಬಣ್ಣ, ಅದರ ಮೇಲೆ ಪೌಡರು. ಕೂದಲು ತೆಗೆಯುವ ಲೇಸರ್ ಅವರಿಗೆ ಹಿಡಿಯುವುದೇ ಇಲ್ಲ, ಅದರ ಬೆಳಕು ಕಪ್ಪನ್ನು ಹುಡುಕಿಕೊಂಡು ಹೋಗುವಂಥದ್ದು. ಇದು ಗೊತ್ತಿದ್ದೂ ನಮ್ಮಲ್ಲಿ ಅವರಿಗೆ ಲೇಸರ್ ಮಾರುತ್ತಿದ್ದೆವು. ಎಳ್ಳು ಚೆಲ್ಲಿದಂತೆ ಮೈಮೇಲೆಲ್ಲ ಇರುವ ಅವರ ಚುಕ್ಕೆಗಳನ್ನು ನಾವು ಬಂಗು ಎಂದೇ ತಿಳಿದು ಅಳಿಸಲು ಹೊರಡುತ್ತಿದ್ದೆವು. ಅವರಿಗೆ ಇಲ್ಲಿಯ ಬಿಸಿಲು ಶತ್ರು, ಅವರೋ ಕಾರ್ನಿಶ್ ಬೀಚಿನಲ್ಲಿ ಆ ಬಿಸಿಲಿಗೇ ಮೈಯೊಡ್ಡಿ ಮಲಗುತ್ತಿದ್ದರು. ಸಲೂನಿನಲ್ಲಿ ಅವರೆಲ್ಲ "ವಾರಿಜಾ ಬೇಕು" ಎಂದು ಕೇಳಿ ಬರತೊಡಗಿದರು.

ಹಾಗೆ ಬಂದವಳು ನೋರಾ. ಐರ್ಲೆಂಡಿನವಳು, ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ಟೀಚರು. ಗಂಡ ಡೇವಿಡ್ ಇಂಜಿನಿಯರ್, ಒಬ್ಬಳೇ ಮಗಳು ಎಮಿಲಿ. ಮಗಳಿಗೂ ತಾಯಿಯದೇ ಕೂದಲು. ನೋರಾಳ ಕೂದಲು ಬಹಳ ದಟ್ಟ, ತೊಳೆದು ಒಣಗಿಸುವಷ್ಟರಲ್ಲಿ ನನ್ನ ಕೈ ಸೋಲುತ್ತಿತ್ತು. ಟೀಚರಾದ್ದರಿಂದಲೋ ಏನೋ, ನನ್ನ ಇಂಗ್ಲಿಷಿನ ತಪ್ಪುಗಳನ್ನು ಅವಳು ತಿದ್ದುತ್ತಿದ್ದಳು, ನಾನು ಅವಳಿಗೆ ತುಳು ಬೈಗುಳ ಕಲಿಸಿದ್ದೆ. ನನಗೆ ಅವಳು ಇಷ್ಟ. ಇಷ್ಟ ಎಂದು ಬೆರಳು ನಿಲ್ಲಿಸದೆ ಬಿಡಲಿಲ್ಲ, ಅದು ಬೇರೆ. ಕಣ್ಣಿನ ಕೆಳಗೆ ಒಮ್ಮೆ, ಮೂಗಿನ ಪಕ್ಕ ಒಮ್ಮೆ, ಹಣೆಯ ಮೇಲೆ ಒಮ್ಮೆ ನಿಲ್ಲಿಸಿದ್ದೆ. ಪ್ರತಿ ಸಲವೂ ಅವಳು ನಗುತ್ತಲೇ ಏನಾದರೊಂದು ಕೊಂಡುಕೊಂಡು ಹೋಗುತ್ತಿದ್ದಳು.

ಒಂದು ದಿನ ತಲೆ ತೊಳೆಯುವಾಗ ಅವಳ ಹಿಂಗತ್ತಿನಲ್ಲಿ, ಕೂದಲು ಶುರುವಾಗುವ ಜಾಗದಲ್ಲಿ, ಬೆರಳಿಗೆ ಏನೋ ತಾಗಿತು. ಕೂದಲು ಎತ್ತಿ ನೋಡಿದೆ. ಸೊಳ್ಳೆ ಕಚ್ಚಿದಂತೆ ಒಂದು ಗುಲಾಬಿ ಬಣ್ಣದ ಗುಳ್ಳೆ. ಬಾಚಣಿಗೆ ತಾಗಿ ತುಸು ರಕ್ತ ಬಂದಿತ್ತು. ನನ್ನ ಬಾಚಣಿಗೆಯದೇ ತಪ್ಪು ಎಂದು ಸುಮ್ಮನಾದೆ. ಮುಂದಿನ ಸಲ ಬಂದಾಗಲೂ ಅದು ಇತ್ತು. ಅದರ ಮುಂದಿನ ಸಲ ಸ್ವಲ್ಪ ದೊಡ್ಡದಾಗಿತ್ತು. ಆ ದಟ್ಟ ಕೂದಲಿನ ಕೆಳಗೆ ಅದನ್ನು ಅವಳು ನೋಡುವ ಹಾಗಿರಲಿಲ್ಲ, ಬೇರೆ ಯಾರೂ ನೋಡುವ ಹಾಗಿರಲಿಲ್ಲ. ನೋಡುತ್ತಿದ್ದವಳು ನಾನೊಬ್ಬಳೇ.

ನನ್ನ ಜೊತೆ ರೂಮಿನಲ್ಲಿದ್ದವರು ಶಿರ್ವದ ಐರಿನ್ ಬಾಯಿ, ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ನರ್ಸ್. ಅನ್ನಕ್ಕೆ ನೀರಿಡುತ್ತಾ ಅವರಿಗೆ ಈ ವಿಷಯ ಹೇಳಿದೆ.

"ಕಪ್ಪುಂಟಾ?" ಎಂದು ಕೇಳಿದರು.

"ಇಲ್ಲ ಬಾಯಿ. ಗುಲಾಬಿ. ಮಚ್ಚೆಯ ಹಾಗೆ ಇಲ್ವೇ ಇಲ್ಲ."

"ಕೂದಲು ಕೆಂಪಲ್ವಾ ಅವಳದ್ದು? ಹಾಗಿದ್ದವರಿಗೆ ಕಪ್ಪೇ ಆಗ್ಬೇಕೂಂತ ಇಲ್ಲ ವಾರಿಜಾ. ಗುಲಾಬಿಯೂ ಆಗ್ತದೆ. ಅದೇ ಮೋಸ." ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಗುಣ ಆಗ್ಲಿಲ್ಲ, ರಕ್ತ ಬರ್ತದೆ, ದೊಡ್ಡದಾಗ್ತಾ ಉಂಟು ಅಂತ ನೀನೇ ಹೇಳ್ತಿ. ಕ್ಯಾನ್ಸರ್ ಇರ್ಲೂಬಹುದು, ಇಲ್ದೇ ಇರ್ಲೂಬಹುದು. ಡಾಕ್ಟ್ರಿಗೆ ತೋರಿಸ್ಲಿಕ್ಕೆ ಹೇಳು. ನಾಳೆ ನಾಡಿದ್ದು ಅಂತ ಮಾಡ್ಬೇಡ ಆಯ್ತಾ."

ನೋರಾ ಬಂದ ದಿನ ನಾನು ಬೆಳಿಗ್ಗೆಯಿಂದ ಮಾತು ಜೋಡಿಸಿಕೊಂಡಿದ್ದೆ. ಆದರೆ ಕೂದಲೆತ್ತಿ ಅದನ್ನು ನೋಡಿದಾಗ ಬೆರಳು ತಾನಾಗಿ ನಿಂತುಬಿಟ್ಟಿತು. ಅಭ್ಯಾಸದಿಂದ ಬಾಯಿಯೂ "ಮ್" ಎಂದಿತು. ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. "ಏನು ವಾರಿಜಾ, ಇವತ್ತು ಎಲ್ಲಿ?"

"ಕತ್ತಿನ ಹಿಂದೆ. ಇದು ಬೇರೆ ನೋರಾ. ಡಾಕ್ಟರಿಗೆ ತೋರಿಸಬೇಕು."

"ಹೆದರುವಂಥದ್ದೇನಲ್ಲ, ಆದರೆ ಹೀಗೇ ಬಿಡಬಾರದು" ಎಂದು ಅವಳು ನನ್ನ ದನಿಯಲ್ಲೇ ನನ್ನ ಮಾತನ್ನು ಒಪ್ಪಿಸಿದಳು. "ನಿನಗೆ ಮುಖ ಸಾಲದಾಯಿತು, ಈಗ ಹಿಂದಕ್ಕೆ ಹೊರಟಿದ್ದೀಯ. ಇದಕ್ಕೆ ಯಾವ ಕ್ರೀಮು?"

"ಕ್ರೀಮಿಲ್ಲ" ಎಂದೆ. "ನಾನು ಏನೂ ಮಾರುತ್ತಿಲ್ಲ." ಹಾಗೆಂದದ್ದೂ ಮಾರುವವರ ಮಾತಿನಂತೆಯೇ ಕೇಳಿಸಿತು.

ಮುಂದಿನ ಸಲ ಫೋನಿನಲ್ಲಿ ಅದರ ಫೋಟೋ ತೆಗೆದು ಅವಳ ಕಣ್ಣೆದುರು ಹಿಡಿದೆ. "ಕ್ಯಾನ್ಸರ್ ಇರಬಹುದು" ಎಂದೇ ಹೇಳಿದೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವಳ ಮುಖ ಕತ್ತಿನವರೆಗೆ ಕೆಂಪಾಯಿತು. ಆ ಚರ್ಮ ಸಿಟ್ಟನ್ನೂ ಮುಚ್ಚಿಡುವುದಿಲ್ಲ. ಎದ್ದು ಕುಳಿತು, "ಇಷ್ಟರವರೆಗೆ ತಮಾಷೆ ಎಂದು ಬಿಟ್ಟೆ. ಆ ಶಬ್ದ ಹೇಳಿ ಹೆದರಿಸಿ ವ್ಯಾಪಾರ ಮಾಡುವುದು ಹೇಸಿಗೆ" ಎಂದಳು. ನೀರು ತೊಟ್ಟಿಕ್ಕುವ ತಲೆಗೆ ಟವೆಲ್ ಸುತ್ತಿಕೊಂಡು ನೇರ ರೀಮಾರ ಹತ್ತಿರ ಹೋದಳು.

ರೀಮಾ ಅವಳನ್ನು ಸಮಾಧಾನ ಮಾಡಿ ಕಳಿಸಿ, ನನ್ನನ್ನು ಒಳಗೆ ಕರೆದರು. ಕಿರುಚುವ ಹೆಂಗಸಲ್ಲ ಅವರು.

"ನೀನು ಡಾಕ್ಟರಾ?"

"ಅಲ್ಲ ಮದಾಂ. ಆದ್ರೆ ಅದು ನಿಜವಾಗಿ ಉಂಟು. ನೀವೇ ಬಂದು ನೋಡಿ."

"ಇರಬಹುದು. ಇಲ್ಲಿಗೆ ಹೆಂಗಸರು ಬರುವುದು ಒಂದು ಗಂಟೆ ಚೆನ್ನಾಗಿರಲಿಕ್ಕೆ. ಸುಕ್ಕು ಅನ್ನು, ಬಂಗು ಅನ್ನು, ಒಣ ಚರ್ಮ ಅನ್ನು. ಕಾಯಿಲೆ ಅನ್ನಬೇಡ. ಡಾಕ್ಟರ್ ಎಂಬ ಶಬ್ದ ಈ ಬಾಗಿಲಿನ ಒಳಗೆ ಬೇಡ. ಖಲಾಸ್." "ನಾಳೆಯಿಂದ ನೀನು ಹುಬ್ಬಿನ ಕುರ್ಚಿಗೆ ಹೋಗು" ಎಂದರು.

ಆ ಹೊತ್ತಿಗೆ ನನಗೆ ರೀಮಾರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನೋರಾಳ ಮೇಲೆ ಬಂತು. ಇಲ್ಲದ್ದನ್ನೆಲ್ಲ ನಂಬಿ ಕ್ರೀಮು ಕೊಂಡ ಮಹಾತಾಯಿ, ಇದ್ದದ್ದನ್ನು ಹೇಳಿದರೆ ನಂಬುವುದಿಲ್ಲವಲ್ಲ ಎಂದು. ಒಂದೆರಡು ಸಲ ಅವಳ ಫೋನಿಗೆ ಮೆಸೇಜು ಹಾಕಿದೆ, ಅವಳು ನನ್ನನ್ನು ಬ್ಲಾಕ್ ಮಾಡಿದಳು. ಐರಿನ್ ಬಾಯಿ ದಿನಾ "ಹೇಳಿದ್ಯಾ? ಹೋದ್ಲಾ?" ಎಂದು ಕೇಳಿ ಕೇಳಿ ಕೊನೆಗೆ ಕೇಳುವುದನ್ನು ಬಿಟ್ಟರು.

ನೋರಾ ಸಲೂನಿಗೆ ಬರುವುದನ್ನು ಬಿಡಲಿಲ್ಲ. ನನ್ನ ಜಾಗಕ್ಕೆ ಬಂದಿದ್ದ ಮನಿಲಾದ ಹುಡುಗಿ ಅವಳ ಕೆಲಸ ಮಾಡುತ್ತಿದ್ದಳು. ಆ ಹುಡುಗಿಗೆ ಕೆಂಚು ಕೂದಲಿನವರ ಮೇಕಪ್ ಹೇಳಿಕೊಟ್ಟವಳು ನಾನೇ. ಒಂದು ದಿನ ಶಾಲೆಯ ವಾರ್ಷಿಕೋತ್ಸವಕ್ಕೆ ನೋರಾ ತಲೆ ಕಟ್ಟಿಸಿಕೊಳ್ಳಲು ಬಂದಳು. ಎತ್ತಿ ಕಟ್ಟಬೇಕು, ಕತ್ತು ಕಾಣಬೇಕು. ಹುಡುಗಿ ಕೂದಲು ಎತ್ತಿದವಳು ತಡೆದು, ನನ್ನ ಕಡೆ ನೋಡಿದಳು. ನಾನು ಹುಬ್ಬಿನ ಕುರ್ಚಿಯ ಹತ್ತಿರ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ನಿಂತಿದ್ದೆ. ಬಾಗಿಲಲ್ಲಿ ರೀಮಾ ನಿಂತಿದ್ದರು. ಹುಡುಗಿ ಬ್ರಷ್ ತೆಗೆದುಕೊಂಡಳು. ಮೊದಲು ತೆಳ್ಳಗೆ ಹಸಿರು, ಅದರ ಮೇಲೆ ಚರ್ಮದ ಬಣ್ಣ, ಅದರ ಮೇಲೆ ಪೌಡರು. ಅಚ್ಚುಕಟ್ಟಾದ ಕೆಲಸ. ಮೂರು ನಿಮಿಷದಲ್ಲಿ ಅಲ್ಲಿ ಏನೂ ಇರಲಿಲ್ಲ. ನೋರಾ ಕನ್ನಡಿಯಲ್ಲಿ ನೋಡಿಕೊಂಡು ಹುಡುಗಿಗೆ ಥ್ಯಾಂಕ್ಸ್ ಹೇಳಿ ಹೋದಳು. ನನ್ನ ಕೈಯಲ್ಲಿದ್ದ ದಾರ ತುಂಡಾಗಿತ್ತು, ಕುರ್ಚಿಯಲ್ಲಿದ್ದವಳ ಹುಬ್ಬು ಓರೆಯಾಗಿತ್ತು.

ಬೇಸಗೆ ರಜೆಗೆ ನೋರಾ ತನ್ನ ಊರಿಗೆ ಹೋದಳು. ಅಲ್ಲಿ ಅವಳ ತಾಯಿ ಅಂಗಳದಲ್ಲಿ ಕೂರಿಸಿಕೊಂಡು ಜಡೆ ಹೆಣೆಯುವಾಗ ನೋಡಿದರಂತೆ. ಮರುದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರಂತೆ. ತಾಯಿ ಹೇಳಿದಾಗ ನೋರಾ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಾಯಿ ಅವಳಿಗೆ ಯಾವತ್ತೂ ಏನನ್ನೂ ಮಾರಿದವರಲ್ಲ. ಆದರೆ ಅಷ್ಟು ಹೊತ್ತಿಗೆ ಕ್ಯಾನ್ಸರ್ ಕತ್ತಿನ ಗ್ರಂಥಿಗೆ ಇಳಿದಿತ್ತು. ಕತ್ತರಿಸಿ ತೆಗೆದರು, ಔಷಧಿ ಶುರುಮಾಡಿದರು. ಗಂಡನ ಕೆಲಸ, ಮಗಳ ಶಾಲೆ ಎಂದು ಅವಳು ಮತ್ತೆ ಇಲ್ಲಿಗೇ ಬಂದಳು. ಇದೆಲ್ಲ ನನಗೆ ಗೊತ್ತಾದದ್ದು ಡೇವಿಡ್ ಫೋನ್ ಮಾಡಿದ ಮೇಲೆ. "ಮಗಳ ಜೊತೆ ಒಂದು ಫೋಟೋ ತೆಗೆಸಿಕೊಳ್ಳಬೇಕಂತೆ. ಮೇಕಪ್ಪಿಗೆ ನಿಮ್ಮನ್ನೇ ಕರೆಯಬೇಕಂತೆ" ಎಂದ.

ಹೊರಗಿನ ಮನೆಗೆ ಹೋಗಿ ಕೆಲಸ ಮಾಡುವುದು ನಮಗೆ ನಿಷಿದ್ಧ, ವೀಸಾಕ್ಕೇ ಕುತ್ತು. ರಜೆಯ ದಿನ ಖಲೀಫಾ ಸಿಟಿಗೆ ಹೋದೆ. ಯಾರಾದರೂ ಕೇಳಿದರೆ ಕೇಳಲಿ ಎಂದುಕೊಂಡೇ ಹೋದೆ.

ಹಾಲಿನಲ್ಲಿ ಕಿಟಕಿಯ ಪರದೆಗಳನ್ನೆಲ್ಲ ಎಳೆದಿದ್ದರು. ನೋರಾ ಅರ್ಧದಷ್ಟಾಗಿದ್ದಳು. ಕತ್ತಿಗೆ ಸ್ಕಾರ್ಫ್ ಇತ್ತು. ಚುಕ್ಕೆಗಳೆಲ್ಲ ಇದ್ದ ಹಾಗೆಯೇ ಇದ್ದವು, ಅವುಗಳ ನಡುವಿನ ಚರ್ಮ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಪೆಟ್ಟಿಗೆ ಬಿಚ್ಚಿ ಬೆರಳು ಅವಳ ಮುಖದ ಮೇಲೆ ಇಟ್ಟೆ. ಎಲ್ಲಿಯೂ ನಿಲ್ಲಬಾರದು, ನಿಲ್ಲಬಾರದು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹಚ್ಚಿದೆ. ಕಂದು ಮಸ್ಕಾರ, ಪಪ್ಪಾಯಿ ಬಣ್ಣದ ಬ್ಲಷ್. ಬೇರೇನೂ ಬೇಡ ಎಂದಳು.

ಕೆಲಸ ಮುಗಿಯುವ ಹೊತ್ತಿಗೆ ಅವಳು ಕೇಳಿದಳು. ದೂರುವ ದನಿ ಅಲ್ಲವೇ ಅಲ್ಲ, ಪಾಠ ಮಾಡುವ ಟೀಚರು ಕೇಳುವ ಹಾಗೆ ಕೇಳಿದಳು. "ವಾರಿಜಾ, ಕಣ್ಣಿನ ಕೆಳಗೆ ಹೇಳಿದ್ದಕ್ಕೂ ಕತ್ತಿನ ಹಿಂದೆ ಹೇಳಿದ್ದಕ್ಕೂ ಇರುವ ವ್ಯತ್ಯಾಸ ನನಗೆ ಹೇಗೆ ಗೊತ್ತಾಗಬೇಕಿತ್ತು?"

ಬ್ರಷ್ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತೆ. ಬಂದಾಗ ಅವಳು ಎಮಿಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಗುತ್ತಾ ಕುಳಿತಿದ್ದಳು, ಡೇವಿಡ್ ಫೋಟೋ ತೆಗೆಯುತ್ತಿದ್ದ. ಹೊರಡುವಾಗ ನಾನು ಕಲಿಸಿದ್ದ ತುಳು ಬೈಗುಳವನ್ನು ತಪ್ಪಿಲ್ಲದೆ ಹೇಳಿ ಕಳಿಸಿದಳು. ಅವಳು ತೀರಿಕೊಂಡದ್ದು ಅವಳ ಊರಿನಲ್ಲಿ, ಆ ವರ್ಷದ ಚಳಿಗಾಲದಲ್ಲಿ.

ಆಮೇಲೆ ನನ್ನ ಬೆರಳು ನಿಲ್ಲುವುದನ್ನು ಬಿಟ್ಟಿತು. ರೀಮಾ ಮತ್ತೆ ಫೇಶಿಯಲ್ ಕೋಣೆಗೆ ಕರೆದರು, ಹೋಗಲಿಲ್ಲ. ಹುಬ್ಬಿನ ಕುರ್ಚಿಯಲ್ಲೇ ನಿಂತು ಉಳಿದ ವರ್ಷಗಳನ್ನು ಮುಗಿಸಿದೆ. ರೀಮಾರನ್ನು ರಾಕ್ಷಸಿ ಎಂದು ಬರೆದರೆ ನನಗೆ ಸುಲಭ. ಆದರೆ ನನ್ನ ಅಮ್ಮನ ಆಪರೇಶನ್ನಿಗೆ ರಜೆಯನ್ನೂ ಟಿಕೇಟನ್ನೂ ಕೊಟ್ಟವರು ಅವರೇ. ಸಲೂನಿನಲ್ಲಿ ಅವರು ನಡೆಸಿದ್ದು ಎಲ್ಲರೂ ನಡೆಸುತ್ತಿದ್ದದ್ದನ್ನೇ.

ಹುಡುಗಿಯರೇ, ನಿಮಗೆ ನಾನು ಹೇಳುವ ಟಿಪ್ಸ್ ಇಷ್ಟೇ. ಹೆಂಗಸರು ತಮ್ಮ ಹಿಂಗತ್ತು, ಕಿವಿಯ ಹಿಂದೆ, ನೆತ್ತಿ ನೋಡಿಕೊಳ್ಳಲಾರರು. ಅದನ್ನೆಲ್ಲ ನೋಡುವವರು ನೀವು. ಯಾವತ್ತಾದರೂ ಒಂದು ದಿನ ನಿಮಗೆ ನಿಜವಾದದ್ದು ಕಾಣುತ್ತದೆ. ಆ ದಿನ ನಿಮ್ಮ ಮಾತಿಗೆ ಬೆಲೆ ಇರಬೇಕಾದರೆ ಅಲ್ಲಿಯವರೆಗೆ ಅದನ್ನು ಉಳಿಸಿಕೊಂಡಿರಬೇಕು. ಮಾರಾಟದ ಟಾರ್ಗೆಟ್ ಆಗದಿದ್ದರೆ ಬೈಸಿಕೊಳ್ಳಿ.

ನಾನು ಕೆಲಸ ಬಿಡುವ ಮುಂಚಿನ ವಾರಗಳಲ್ಲಿ ಡೇವಿಡ್ ಸಲೂನಿನ ಬಾಗಿಲಿಗೆ ಬಂದ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ, ಎಮಿಲಿಯನ್ನು ಒಳಗೆ ಕಳಿಸಿ ತಾನು ಹೊರಗೆ ನಿಂತ. ಅವರು ಇಲ್ಲಿಯದನ್ನೆಲ್ಲ ಮುಗಿಸಿ ಊರಿಗೆ ಹೊರಟಿದ್ದರು. ಎಮಿಲಿ ಉದ್ದವಾಗಿದ್ದಳು, ತಾಯಿಯ ಕೂದಲು ಸೊಂಟದವರೆಗೆ ಇಳಿದಿತ್ತು. ತಲೆ ತೊಳೆಯಲು ಬಂದಿದ್ದೇನೆ ಎಂದಳು. ಬೇರೆ ಹುಡುಗಿ ಹೊಸ ಟ್ಯಾಬ್ಲೆಟ್ ಹಿಡಿದು ಹತ್ತಿರ ಬಂದಾಗ, "ನೋ, ನಾಟ್ ದ ಮೆಷಿನ್" ಎಂದು ನನ್ನ ಕಡೆ ಕೈ ತೋರಿಸಿದಳು. "ಮಮ್ಮಿ ಸೆಡ್ ಯೂ ಶುಡ್ ಲುಕ್."

ಅವಳನ್ನು ಬೇಸಿನ್ನಿಗೆ ಒರಗಿಸಿ ನೀರು ಬಿಟ್ಟೆ. ನೆತ್ತಿ ನೋಡಿದೆ. ಎರಡೂ ಕಿವಿಗಳ ಹಿಂದೆ ನೋಡಿದೆ. ಕೊನೆಗೆ ಕೂದಲನ್ನೆಲ್ಲ ಒಟ್ಟು ಮಾಡಿ ಎತ್ತಿ ಹಿಂಗತ್ತು ನೋಡಿದೆ. ಎಳ್ಳು ಚೆಲ್ಲಿದಂತೆ ಚುಕ್ಕೆಗಳು, ಅಷ್ಟೇ. ಲೈಟು ಹತ್ತಿರ ತಂದು ಮತ್ತೊಮ್ಮೆ ನೋಡಿದೆ.

"ನಾನು ಡಾಕ್ಟರಲ್ಲ ಮಗಾ. ವರ್ಷ ವರ್ಷ ಅವರಿಗೆ ತೋರಿಸಬೇಕು" ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

"ಡ್ಯಾಡ್ ಟೇಕ್ಸ್ ಮಿ. ಬಟ್ ನೌ, ಈಸ್ ದೇರ್ ಎನಿಥಿಂಗ್?"

"ಏನೂ ಇಲ್ಲ" ಎಂದೆ.

ಕನ್ನಡದಲ್ಲಿ ಹೇಳಿದ್ದೆ ಎಂದು ಆಮೇಲೆ ಗೊತ್ತಾಯಿತು. ಅಷ್ಟು ವರ್ಷಗಳ ಕೆಲಸದಲ್ಲಿ ಕುರ್ಚಿಯಲ್ಲಿ ಕುಳಿತ ಯಾವ ಹೆಣ್ಣಿಗೂ ನಾನು ಆ ಮಾತು ಹೇಳಿರಲಿಲ್ಲ, ಹೇಳುವ ಕ್ರಮವೇ ನಮ್ಮಲ್ಲಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದೆ. ಎಮಿಲಿ ಕಣ್ಣು ಮುಚ್ಚಿಕೊಂಡೇ ಇನ್ನೊಮ್ಮೆ ಹೇಳಿ ಎಂದಳು. ಇನ್ನೊಮ್ಮೆ ಹೇಳಿದೆ. ಆಮೇಲೆ ಅವಳ ತಲೆಗೆ ಶ್ಯಾಂಪೂ ಹಚ್ಚಿದೆ.